ಹತ್ತು ಮಂದಿ ಬೇಕಾಗಿತ್ತು

ಮೊನ್ನೆ ಶನಿವಾರ ಜೇವರ್ಗಿಯಿಂದ ಅಫಜಲಪುರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಳು. ದರ್ಗಾಕ್ಕೆ ಹೋಗಿ ಬರುತ್ತಿದ್ದಳು. ಡಬ್ಬಿಯಲ್ಲಿ ಗೋಧಿ ರೊಟ್ಟಿ ಮುರಿದು ಕಲಸಿದ ಮಲೀದಾ ಇತ್ತು. ವಾರವಿಡೀ ಪಾಠ ಹೇಳಿ ಗಂಟಲು ಒಣಗಿ, ಕಾಲೇಜಿನ ಫೈಲು ತುಂಬಿಸಿ ಸೊಂಟ ಬಿದ್ದುಹೋಗಿ, ಯಾರೂ ಮಾತಾಡಿಸದಿದ್ದರೆ ಸಾಕಪ್ಪಾ ಎಂದು ಕಣ್ಣು ಮುಚ್ಚಿ ಕೂತವಳು ನಾನು. ತುಪ್ಪ, ಬೆಲ್ಲ, ಏಲಕ್ಕಿಯ ಆ ವಾಸನೆ ಮೂಗಿಗೆ ಬಡಿದದ್ದೇ ನರ್ಸಬಾಯಿಯ ಮಗ ನೆನಪಾದರು. ನೆನಪಾದರು ಅನ್ನುವುದೂ ಸುಳ್ಳೇ. ಒಂದು ವಾರದಿಂದ ಅವರು ತಲೆಯಲ್ಲೇ ಇದ್ದರು.

ನಮ್ಮ ಓಣಿಯಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ತಾಯಿ ಸರ್ಕಾರಿ ದವಾಖಾನೆಯಲ್ಲಿ ನರ್ಸು. ಮೊದಲು ಆಳಂದದಲ್ಲಿ, ಆಮೇಲೆ ಅಫಜಲಪುರದಲ್ಲಿ. ಕೊಂಕಣದ ಕಡೆಯ ಯಹೂದಿಗಳು, ಮನೆಮಾತು ಮರಾಠಿ. ನಮ್ಮ ಓಣಿಯ ಅರ್ಧ ಮಂದಿ ಈ ಲೋಕಕ್ಕೆ ಬಂದದ್ದೇ ಅವರ ಕೈಯೊಳಗೆ, ನನ್ನನ್ನೂ ಸೇರಿಸಿ. ಅವರ ಮನೆಯಲ್ಲೂ ಮಲೀದಾ ಆಗುತ್ತಿತ್ತು. ಆದರೆ ಗೋಧಿಯದಲ್ಲ, ನೆನೆಸಿದ ಅವಲಕ್ಕಿಗೆ ಕೊಬ್ಬರಿ, ಸಕ್ಕರೆ, ಏಲಕ್ಕಿ. 'ಅವಲಕ್ಕೀದು ಯಾವ ಸೀಮಿ ಮಲೀದಾ' ಎಂದು ನಮ್ಮವ್ವ ಮೂಗು ಮುರಿಯುತ್ತಲೇ ಬಟ್ಟಲು ಖಾಲಿ ಮಾಡುತ್ತಿದ್ದಳು.

ಮಗನನ್ನು ನಾನು ಅಣ್ಣಾ ಎನ್ನುತ್ತಿದ್ದೆ. ನಾನು ಬಿ.ಎ. ಓದುವ ಹೊತ್ತಿಗೆ ಅವರು ಹೊರದೇಶದ ವಿಶ್ವವಿದ್ಯಾಲಯವೊಂದಕ್ಕೆ ಹೋಗಿದ್ದರು. ಓದಲಿಕ್ಕೆ ಹೋದದ್ದು ತಮ್ಮವರ ದೇವರ ಸಂಗೀತ. ಅವರ ಪ್ರಾರ್ಥನಾಮಂದಿರದಲ್ಲಿ ಮುಂದೆ ನಿಂತು ಎಲ್ಲರ ಪರವಾಗಿ ಪ್ರಾರ್ಥನೆ ಹಾಡುವವನಿಗೆ ಹಜ್ಜಾನ್ ಎನ್ನುತ್ತಾರೆ. ನರ್ಸಬಾಯಿ 'ನನ್ನ ಮಗ ಹಜ್ಜಾನ್ ಆಗಾಕ ಹೋಗ್ಯಾನ' ಎಂದರೆ ಓಣಿಯ ಕಿವಿಗೆ ಅದು ಅಜಾನ್ ಎಂದು ಬಿತ್ತು. ಎದುರು ಮನೆಯ ಬಡಿಗ ಕಾಕಾ ದಿನಕ್ಕೈದು ಸಲ ಅಜಾನ್ ಕೇಳುವ ಮನುಷ್ಯ. ಅವನಿಗೆ ಇದು ಬಗೆಹರಿಯಲೇ ಇಲ್ಲ.

"ಅಜಾನ್ ಕೂಗಾಕ ವಿಮಾನ ಹತ್ತಿ ಹೋಗಬೇಕಾ ಬಾಯಿ? ನಮ್ಮ ಮಸೀದಿ ಮೌಲಾನಾ ಪುಕ್ಕಟ ಕಲಸ್ತಿದ್ದ."

ಅಣ್ಣ ಓದು ಮುಗಿಸಲಿಲ್ಲ. ತಾಯಿಯ ಕಿಡ್ನಿ ಕೈಕೊಟ್ಟವು. ವಾರವಾರ ಕಲಬುರಗಿಗೆ ಕರೆದೊಯ್ಯಲು ಬೇರೆ ಯಾರಿದ್ದರು? ಅರ್ಧಕ್ಕೆ ಬಿಟ್ಟು ಬಂದು ಇಲ್ಲೇ ಒಂದು ಶಾಲೆಯಲ್ಲಿ ಹಾಡು ಕಲಿಸಲು ಸೇರಿಕೊಂಡರು. ಶನಿವಾರ ಅವರ ಧರ್ಮದ ವಿರಾಮದ ದಿನ, ಅಂದು ಮಾತ್ರ ಹಾರ್ಮೋನಿಯಂ ಮುಟ್ಟುತ್ತಿರಲಿಲ್ಲ, ಬಸ್ಸು ಹತ್ತುತ್ತಿರಲಿಲ್ಲ. ಹಾಡಿನ ಸರ್ ಹನುಮಪ್ಪನ ವಾರ ಹಿಡಿದಿದ್ದಾರೆ ಎಂದು ಮಕ್ಕಳ ತಾಯಂದಿರು ಬಲು ಮೆಚ್ಚಿಕೊಂಡಿದ್ದರು. ಅಣ್ಣ ಆ ತಪ್ಪನ್ನು ತಿದ್ದುವ ಉಸಾಬರಿಗೆ ಹೋಗಲಿಲ್ಲ. ಆ ಹೊತ್ತಿಗಾಗಲೇ ಯಾವುದನ್ನೂ ತಿದ್ದುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ ಎಂದು ಈಗ ಅನಿಸುತ್ತದೆ...

ಸಂಜೆ ಮೆಟ್ಟಿಲ ಮೇಲೆ ಕೂತು ತಮ್ಮ ಓದಿನ ಕತೆ ಹೇಳುತ್ತಿದ್ದರು. ವಾರದ ದಿನಗಳ ಪ್ರಾರ್ಥನೆಗೆ ಒಂದು ಧಾಟಿ, ಶನಿವಾರಕ್ಕೆ ಇನ್ನೊಂದು, ವರ್ಷದ ದೊಡ್ಡ ದಿನಗಳಿಗೆ ಬೇರೆಯೇ. ತಪ್ಪು ಧಾಟಿ ಹಿಡಿದರೆ ಪ್ರಾರ್ಥನೆ ದಾರಿ ತಪ್ಪಿದ ಹಾಗೆ. ಎಲ್ಲವನ್ನೂ ಕಲಿತರು, ಆದರೆ ಒಂದು ಚಾಳಿ ಬಿಡಲಿಲ್ಲ. ಚಿಕ್ಕಂದಿನಲ್ಲಿ ಆಳಂದದಲ್ಲಿ ಮನೆಯ ಹಿಂದಿನ ಮಠದ ಭಜನೆಯಲ್ಲಿ ಕೂತು ಬೆಳೆದವರು. ಭಜನೆಯಲ್ಲಿ ಮುಂದಿನವನು ಸಾಲಿನ ಕೊನೆಯನ್ನು ಎಳೆದು ಬಿಡುತ್ತಾನೆ, ಹಿಂದಿನವರು ಅದನ್ನು ಹಿಡಿದುಕೊಳ್ಳುತ್ತಾರೆ. ಅಣ್ಣ ಹೀಬ್ರೂ ಪ್ರಾರ್ಥನೆಯನ್ನೂ ಹಾಗೇ ಎಳೆಯುತ್ತಿದ್ದರಂತೆ. ಅಲ್ಲಿಯ ಗುರು ಮೇಜು ಕುಟ್ಟಿ ನಿಲ್ಲಿಸುತ್ತಿದ್ದರಂತೆ.

"ಬ್ಯಾರೇದೆಲ್ಲಾ ಲಗೂನ ಕಲತೆ ತಂಗಿ. ಆಳಂದ ಬಿಡಸೂದ ಅವ್ರಿಗೆ ಭಾಳ ತ್ರಾಸ ಆತು," ಎಂದು ನಕ್ಕಿದ್ದರು.

ನರ್ಸಬಾಯಿ ತೀರಿಕೊಂಡರು. ಮಣ್ಣು ಮಾಡಿದ್ದು ಮಹಾರಾಷ್ಟ್ರದಲ್ಲಿ, ಅವರ ಮಂದಿಯ ಜಾಗದಲ್ಲಿ. ತಂದೆತಾಯಿ ಹೋದರೆ ಮಗ ಎದ್ದು ನಿಂತು ಹೇಳಬೇಕಾದ ಒಂದು ಪ್ರಾರ್ಥನೆ ಇದೆ, ಕದ್ದೀಶ್ ಅಂತ. ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ, ಬರೀ ದೇವರ ಹೊಗಳಿಕೆ. ಆದರೆ ಒಬ್ಬನೇ ಹೇಳುವಂತಿಲ್ಲ. ಅವರ ಧರ್ಮದ ಹತ್ತು ಗಂಡಸರು ಜೊತೆಗಿದ್ದು, ನಡುನಡುವೆ ಆಮೆನ್ ಎನ್ನಬೇಕು. ಮಣ್ಣಿನ ದಿನ ಹೇಗೋ ಹತ್ತು ಮಂದಿ ಕೂಡಿದರು. ಆಮೇಲೆ ಅಫಜಲಪುರದಲ್ಲಿ ಹತ್ತಿರಲಿ, ಎರಡನೆಯವನೇ ಇರಲಿಲ್ಲ. ಇಡೀ ವಿದ್ಯೆ ಕಲಿತದ್ದೇ ಹತ್ತು ಮಂದಿಯ ಮುಂದೆ ನಿಲ್ಲುವುದಕ್ಕೆ. ಹೆತ್ತ ತಾಯಿಗೆ ಅದು ದಕ್ಕಲಿಲ್ಲ ಎಂಬುದು ಅವರನ್ನು ಒಳಗೇ ತಿನ್ನುತ್ತಿತ್ತು. ವರ್ಷದ ದಿನಕ್ಕಾದರೂ ತಮ್ಮವರಿರುವ ಮುಂಬೈಗೆ ಹೋಗಿ ಹೇಳಿ ಬರುತ್ತೇನೆ ಎಂದು ಕಾದಿದ್ದರು.

ಆ ದಿನ ಬಂದಾಗ ಭೀಮೆಯೂ ತುಂಬಿ ಬಂದಳು. ಸೊಲ್ಲಾಪುರದ ಕಡೆಯ ಸೇತುವೆ ಮುಳುಗಿ ಬಸ್ಸು ನಿಂತವು. ಅಣ್ಣ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋದವರು ಹಾಗೇ ಮರಳಿ ಬಂದು ಮೆಟ್ಟಿಲ ಮೇಲೆ ಕೂತರು. ಮುಖ ನೋಡಲಾಗಲಿಲ್ಲ. ನಾನು ಒಳಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಓಣಿಗೆ ಹೇಳಿದಳು. ಅವ್ವನ ಬಾಯಿಂದ ಹೊರಬೀಳುವಾಗ ಒಂದು ಮಾತು ಉದುರಿಹೋಗಿತ್ತು. 'ಅವರ ಧರ್ಮದ' ಎನ್ನುವುದು. ಉಳಿದದ್ದು ಇಷ್ಟೇ: ನರ್ಸಬಾಯಿಗೆ ಪ್ರಾರ್ಥನೆ ಮಾಡಾಕ ಹತ್ತು ಮಂದಿ ಗಂಡಸರು ಬೇಕಂತ.

ಹೊತ್ತು ಮುಳುಗುವುದರೊಳಗೆ ಬಂದರು. ಗಿರಣಿಯವನು, ಕಂಡಕ್ಟರ್, ಹೂವಿನವನು, ನಮ್ಮಪ್ಪ, ಭೂಸನೂರ ಸಕ್ಕರೆ ಕಾರ್ಖಾನೆಯ ಕೆಲಸದಿಂದ ರಜೆಗೆ ಬಂದಿದ್ದ ಒಬ್ಬ. ಮಿಂದು, ತೊಳೆದ ಅಂಗಿ ತೊಟ್ಟು, ತಲೆಗೆ ಟೋಪಿ ಇಟ್ಟುಕೊಂಡು, ಇಲ್ಲದವರು ಟವೆಲ್ಲು ಸುತ್ತಿಕೊಂಡು ಬಂದರು. ಎಣಿಸಿಕೊಂಡವನು ಬಡಿಗ ಕಾಕಾ. ಹನ್ನೆರಡು ಮಂದಿ ಆಗಿದ್ದರು. ಲೆಕ್ಕ ತಪ್ಪಿದರೆ ಪ್ರಾರ್ಥನೆ ಕೆಟ್ಟೀತೆಂದು ಇಬ್ಬರನ್ನು ಹೊರಗೆ ನಿಲ್ಲಿಸಿದ.

"ಹತ್ತು ಅದೀವಿ. ಶುರು ಮಾಡ್ರಿ ಸರ್," ಎಂದ.

ಅಣ್ಣ ನನ್ನ ಕಡೆ ನೋಡಿದರು. ಬಂದವರಿಗೆ ಏನು ಹೇಳಿಯಾರೋ ಎಂದು ಕಾದೆ. ಅವರು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿ ಹಾಡಿದರು. ಸಾಲಿನ ಕೊನೆ ಬಂದಾಗ ಎಳೆದರು. ಆಳಂದದ ಮಠದಲ್ಲಿ ಎಳೆಯುತ್ತಾರಲ್ಲ, ಹಾಗೇ. ಹಿಂದೆ ನಿಂತವರಲ್ಲಿ ಅರ್ಧ ಮಂದಿ ಭಜನೆಯವರು, ಹೇಳಿಕೊಡಬೇಕೆ? ಆ ಎಳೆತವನ್ನು ಮೆಲ್ಲಗೆ ಹಿಡಿದುಕೊಂಡರು. ಕೊನೆಗೆ ಅಣ್ಣನ ದನಿ ನಿಂತಾಗ ಬಡಿಗ ಕಾಕಾ ತನ್ನ ರೂಢಿಯಂತೆ ಆಮೀನ್ ಎಂದ. ಅವನು ಅಂದದ್ದಕ್ಕೆ ಉಳಿದವರೂ ಅಂದರು. ಅಣ್ಣ ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಎಲ್ಲರೂ ಅಣ್ಣ ಕೊಟ್ಟ ಅವಲಕ್ಕಿ ಮಲೀದಾ ತಿಂದು ಹೋದ ಮೇಲೆ ನಾನು ಕೇಳಿದೆ, ಆಯಿತೇ ಎಂದು.

"ಇಲ್ಲ ತಂಗಿ. ಕದ್ದೀಶ್ ನಾ ಹೇಳಲಿಲ್ಲ, ಹೇಳಾಕ ಬರಂಗಿಲ್ಲ. ಒಬ್ಬನ ಇದ್ರೂ ಹಾಡಬಹುದಾದ ಕೀರ್ತನಾ ಹಾಡಿದೆ. ಇವರು ಲೆಕ್ಕಕ್ಕ ಬರಂಗಿಲ್ಲ... ಅವ್ರ ಮಕ್ಕಳೆಲ್ಲಾ ನಮ್ಮವ್ವನ ಕೈಯಾಗ ಹುಟ್ಟಿದವ್ರು. ಲೆಕ್ಕಕ್ಕಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?"

ಮುಂದಿನ ಬೇಸಿಗೆಯಲ್ಲಿ ಮನೆ ಖಾಲಿ ಮಾಡಿ, ಬಿಟ್ಟ ಓದು ಮುಗಿಸಲು ಹೋದರು. ಹಜ್ಜಾನ್ ಆದರು. ದೂರದ ಊರೊಂದರ ಸಣ್ಣ ಮಂದಿರದಲ್ಲಿ ಕೆಲಸ. ಅಲ್ಲಿಯೂ ವಯಸ್ಸಾದವರೇ ಹೆಚ್ಚು, ಬಹಳ ದಿನ ಹತ್ತು ಕೂಡುವುದಿಲ್ಲ, ಕಾದು ಕಾದು ದೀಪ ಆರಿಸಿ ಬರುತ್ತೇನೆ ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದರು. ಮದುವೆ ಆಗಲಿಲ್ಲ. ಹೋದ ವಾರ ಅವರ ಚಿಕ್ಕವ್ವನ ಮಗಳು ಫೋನ್ ಮಾಡಿದಳು. ಅಣ್ಣ ಇನ್ನಿಲ್ಲ ಎಂದಳು. ಹೆಚ್ಚು ಕೇಳದೆ ಫೋನ್ ಇಟ್ಟೆ.

ಬಸ್ಸಿನ ಹೆಂಗಸು "ತಗೋರಿ ಅಕ್ಕಾ" ಎಂದು ಕಾಗದದಲ್ಲಿ ಒಂದು ಹಿಡಿ ಮಲೀದಾ ಕಟ್ಟಿಕೊಟ್ಟಳು. ಅಫಜಲಪುರದಲ್ಲಿ ಇಳಿದು ಓಣಿಗೆ ನಡೆದೆ. ನರ್ಸಬಾಯಿಯ ಮನೆ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಎದುರಿಗೆ ಬಡಿಗ ಕಾಕಾ ಕುರ್ಚಿ ಹಾಕಿಕೊಂಡು ಕೂತಿದ್ದ, ಕಣ್ಣು ಮಂಜಾಗಿವೆ. ಆ ಹತ್ತರಲ್ಲಿ ನಮ್ಮಪ್ಪನೂ ಈಗಿಲ್ಲ. ಮಲೀದಾ ಕಾಕಾನ ಕೈಗಿಟ್ಟು ಸುದ್ದಿ ಹೇಳಿದೆ.

ಕಾಕಾ ಕೇಳಿದ.

"ಅಲ್ಲಿ ಹತ್ತು ಮಂದಿ ಕೂಡಿದ್ರೇನವಾ?"

ಗೊತ್ತಿಲ್ಲ ಕಾಕಾ, ಎಂದೆ.

ಅವನು ಕೈಯಲ್ಲಿದ್ದ ಪೊಟ್ಟಣವನ್ನು ಬಿಚ್ಚಲಿಲ್ಲ.

"ಒಂದು ಫೋನ್ ಮಾಡಿದ್ರ ಬರ್ತಿದ್ವಿ. ನಮ್ಗ ರೂಢಿ ಇತ್ತಲ್ಲ," ಎಂದ.