ಪ್ರೆಸ್ ಓಡಿಸಿ ತೋರಿಸಿದ ಭಾನುವಾರ

ಭಾನುವಾರ ಹನ್ನೊಂದು ಗಂಟೆಗೆ ಓಡಿಸಿ ತೋರಿಸಬೇಕು. ಓಡಿದರೆ ಹೊಸಕೋಟೆಯ ಆಚೆಗೆ, ಓಡದಿದ್ದರೆ ಬುಧವಾರ ಶಿವಾಜಿನಗರದ ಗುಜರಿಗೆ. ನಮ್ಮ ಹುಲ್ಲಿನ ಪ್ರೆಸ್ಸಿನ ಹಣೆಬರಹವನ್ನು ಹೀಗೆ ಒಂದೇ ಉಸಿರಿನಲ್ಲಿ ಬರೆದು ಮುಗಿಸಿದವರು ನನ್ನ ಅಣ್ಣನ ಮಕ್ಕಳು. ಅವರದೂ ತಪ್ಪಲ್ಲ. ದೊಡ್ಡನೆಕ್ಕುಂದಿಯಲ್ಲಿ ನಮಗೆ ಉಳಿದಿದ್ದ ಕೊನೆಯ ಖಾಲಿ ಜಾಗವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಟ್ಟಾಗಿತ್ತು. ಗುರುವಾರ ಜೆಸಿಬಿ ಬರುವುದಿತ್ತು, ಅಷ್ಟರೊಳಗೆ ಅಲ್ಲಿದ್ದ ಪ್ರೆಸ್ಸಿನ ಶೆಡ್ಡು ಖಾಲಿಯಾಗಬೇಕಿತ್ತು.

ಪ್ರೆಸ್ ಎಂದರೆ ಅಚ್ಚು ಹಾಕುವುದಲ್ಲ, ಹುಲ್ಲು ಒತ್ತುವುದು. ಉದ್ದನೆಯ ಕಬ್ಬಿಣದ ಪೆಟ್ಟಿಗೆ, ಅದರ ಪಕ್ಕದಲ್ಲಿ ಎದೆಯೆತ್ತರದ ಎರಕದ ಹಲ್ಲುಚಕ್ರ. ಚಕ್ರ ತಿರುಗಿದರೆ ಒಂದು ದಪ್ಪ ದಂಡ ಪೆಟ್ಟಿಗೆಯೊಳಗೆ ಹಿಂದೆ ಮುಂದೆ ಆಡುತ್ತದೆ. ಮೇಲಿನಿಂದ ಹುಲ್ಲು ತುಂಬುತ್ತಿದ್ದರೆ ಅದು ಗುದ್ದಿ ಗುದ್ದಿ ಗಟ್ಟಿ ಮಾಡುತ್ತದೆ. ನಡುನಡುವೆ ಹಲಗೆ ಇಳಿಸಿ, ಎರಡೂ ಕಡೆಯಿಂದ ತಂತಿ ತೂರಿಸಿ ಕೈಯಲ್ಲೇ ಬಿಗಿಯಬೇಕು. ಹಿಂದಿನಿಂದ ಚೌಕಾಕಾರದ ಕಟ್ಟು ಹೊರಬೀಳುತ್ತದೆ. ದಂಡಿನವರ ಕುದುರೆ ಲಾಯದ ಹರಾಜಿನಲ್ಲಿ ನಮ್ಮಪ್ಪ ಇದನ್ನು ಕೂಗಿ, ಎರಡು ಜೊತೆ ಎತ್ತು ಕಟ್ಟಿ ಊರಿಗೆ ಎಳೆತಂದನಂತೆ. ಆಮೇಲೆ ಸುತ್ತಲಿನ ಹಳ್ಳಿಗಳ ರಾಗಿ ಹುಲ್ಲೆಲ್ಲ ನಮ್ಮ ಕಣದಲ್ಲೇ ಒತ್ತಿಸಿಕೊಂಡು ಹಲಸೂರಿನ ಜಟಕಾ ಸ್ಟ್ಯಾಂಡಿಗೂ ಹಾಲಿನವರ ಕೊಟ್ಟಿಗೆಗಳಿಗೂ ಹೋಗುತ್ತಿತ್ತು. ನಾನು ಓದಿದ್ದು ಆ ಹುಲ್ಲಿನ ದೆಸೆಯಿಂದ.

ಓದಿದವನು ವಿಮಾನ ಕಾರ್ಖಾನೆ ಸೇರಿದೆ. ಮೂವತ್ತನಾಲ್ಕು ವರ್ಷ ತಪಾಸಣೆ ವಿಭಾಗದಲ್ಲಿ, ಬೇರೆಯವರು ಮಾಡಿದ ಕೆಲಸದಲ್ಲಿ ಹುಳುಕು ಹುಡುಕುವುದೇ ನನ್ನ ಕೆಲಸ. ನನ್ನ ಹೆಂಡತಿ ಹೇಳುವಂತೆ ಮನೆಯಲ್ಲೂ ಅದೇ ಕೆಲಸ. ಅಣ್ಣ ಓದಲಿಲ್ಲ, ಪ್ರೆಸ್ಸಿನ ಜೊತೆ ಉಳಿದ. ಹೊಲ ಹೋಯಿತು, ಮನೆಗಳೆದ್ದವು, ಬಾಡಿಗೆ ಬರತೊಡಗಿತು. ಹಣಕ್ಕೆ ಅವನಿಗೆ ಕೊರತೆಯಿಲ್ಲ, ಬೆಳಿಗ್ಗೆ ಎದ್ದರೆ ಮಾಡಲು ಕೆಲಸವಿಲ್ಲ. ಎಪ್ಪತ್ತು ದಾಟಿದವನು ಪ್ರತಿ ಶುಕ್ರವಾರ ಶೆಡ್ಡಿಗೆ ಹೋಗಿ ಆಯಿಲ್ ಇಂಜಿನ್ನಿನ ಹ್ಯಾಂಡಲ್ ತಿರುಗಿಸಿ, ಹತ್ತು ನಿಮಿಷ ಪ್ರೆಸ್ಸನ್ನು ಖಾಲಿ ಓಡಿಸಿ, ಕುಂಕುಮವಿಟ್ಟು ಬರುತ್ತಿದ್ದ. ಉಳಿದ ಆರು ದಿನ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಟಿವಿ ನೋಡುವುದಿಲ್ಲ, ಫೋನು ಮುಟ್ಟುವುದಿಲ್ಲ. ಅತ್ತಿಗೆ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, ಶೆಡ್ಡು ಹೋದರೆ ಇವರೂ ಹೋಗುತ್ತಾರೆ ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಿದ್ದರು.

ಅದಕ್ಕೇ ನಾನು ಹುಚ್ಚನಂತೆ ಅಲೆದೆ. ಕೊನೆಗೆ ಹೊಸಕೋಟೆಯ ಆಚೆ ಹಳೆಯ ಬೇಸಾಯದ ಸಾಮಾನುಗಳನ್ನು ಸೇರಿಸಿಡುತ್ತಿದ್ದ ಒಂದು ಟ್ರಸ್ಟು ಸಿಕ್ಕಿತು. ಅದನ್ನು ನೋಡಿಕೊಳ್ಳುವ ಹೆಂಗಸು ಬಂದು ಪ್ರೆಸ್ಸಿನ ಸುತ್ತ ಮೂರು ಸುತ್ತು ಹಾಕಿದರು. ಸತ್ತ ಯಂತ್ರಗಳು ತಮ್ಮಲ್ಲಿ ಬೇಕಾದಷ್ಟಿವೆ, ಜಾಗವಿಲ್ಲ, ಓಡುವುದಾದರೆ ಮಾತ್ರ ಕೊಡಿ ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ, ಇದನ್ನು ಓಡಿಸುವವರೂ ಬೇಕು, ತಿಂಗಳಿಗೆ ಎರಡು ಭಾನುವಾರ ನೀವೇ ಬಂದು ಮಕ್ಕಳಿಗೆ ತೋರಿಸಿಕೊಡಿ, ಕಾರು ಕಳಿಸುತ್ತೇವೆ ಎಂದರು. ಅಣ್ಣ ಮರುದಿನ ಸಲೂನಿಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ.

ಮೂರು ವಾರ ನಾವಿಬ್ಬರೂ ಶೆಡ್ಡಿನಲ್ಲೇ ಬಿದ್ದುಕೊಂಡಿದ್ದೆವು. ಇಂಜಿನ್ನಿನಿಂದ ಪ್ರೆಸ್ಸಿಗೆ ಹೋಗುವ ಅಗಲದ ಬೆಲ್ಟು ಸೀಳಿತ್ತು. ಅಂಥದ್ದು ಈಗ ಯಾರೂ ಮಾಡುವುದಿಲ್ಲ. ಗುರುವಾರ ಬರುವ ಜೆಸಿಬಿಗೆ ಮೊದಲೇ ಪ್ರೆಸ್ಸನ್ನು ಒಯ್ಯಲು ಮಾತಾಡಿಕೊಂಡಿದ್ದ ಶಿವಾಜಿನಗರದ ಗುಜರಿಯವರೇ ಅಂಥ ಬೆಲ್ಟೊಂದನ್ನು ಎಲ್ಲಿಂದಲೋ ಹುಡುಕಿಕೊಟ್ಟರು. "ಈ ಮಾಲು ನನ್ ಹತ್ರ ಬರ್ಬಾರ್ದು ಅಂತ ದುವಾ ಮಾಡ್ತೀನಿ ಭಾಯ್" ಎಂದರು. ನನಗೆ ಕಣ್ಣು ತುಂಬಿ ಬಂತು. ಆ ದಿನಗಳಲ್ಲಿ ಯಾರು ಏನು ಒಳ್ಳೆಯ ಮಾತು ಹೇಳಿದರೂ ಕಣ್ಣು ತುಂಬುತ್ತಿತ್ತು.

ದೊಡ್ಡ ಹಲ್ಲುಚಕ್ರದ ಬಗ್ಗೆಯೇ ನನಗೆ ದಿಗಿಲು. ಎರಕದ ಕಬ್ಬಿಣ ಮುರಿಯುವ ಮುಂಚೆ ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ಕೆಂಪು ದ್ರಾವಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದೆ. ಕೂದಲೆಳೆಯಷ್ಟು ಬಿರುಕಿದ್ದರೂ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅಣ್ಣ ಟಾರ್ಚು ಹಿಡಿದುಕೊಂಡು ಚಕ್ರದ ನಡುವಿನಿಂದ ಅಂಚಿಗೆ ಹೋಗುವ ಒಂದೊಂದು ಅರವನ್ನೂ ತೋರಿಸಿದ. ಒಂದು ಗೆರೆಯೂ ಮೂಡಲಿಲ್ಲ. ಅಪ್ಪ ತಂದದ್ದು ಅಂದರೆ ಸುಮ್ಮನೆಯಾ ಎಂದು ಅಣ್ಣ ಚಕ್ರವನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿದ.

ಆ ಭಾನುವಾರ ಜನ ಸೇರಿದರು. ಪಕ್ಕದ ಫ್ಲ್ಯಾಟುಗಳಿಂದ ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮಂದಿರು, ನಮ್ಮ ನೆಂಟರು, ಟ್ರಸ್ಟಿನ ಮೇಡಂ. ಮೊದಲು ನಮ್ಮಲ್ಲಿದ್ದ ಒಕ್ಕಣೆ ಯಂತ್ರದಲ್ಲಿ ರಾಗಿ ತೆನೆ ಬಡಿಸಿದೆವು. ಕಾಳು ಒಂದು ಕಡೆ, ಹುಲ್ಲು ಒಂದು ಕಡೆ. ಮಕ್ಕಳು ರಾಗಿ ರಾಶಿಯಲ್ಲಿ ಕೈಯಾಡಿಸಿ ನಗುತ್ತಿದ್ದವು. ಎಲ್ಲವೂ ಸರಿಯಾಗಿತ್ತು. ಆ ಅರ್ಧ ಗಂಟೆ ನಾನು ದೇವರನ್ನು ನಂಬಿದ್ದೆ.

ಅಷ್ಟರಲ್ಲಿ ಏರಿಯಾದ ಮುಖಂಡರೊಬ್ಬರು ಬಂದರು. ಬರಿಗೈಯಲ್ಲಿ ಬರಲಿಲ್ಲ. ಶಾಲು, ಹಾರ, ಮೈಸೂರು ಪೇಟ. ಇಂಥ ಹಿರಿಯ ರೈತರನ್ನು ಸನ್ಮಾನಿಸದಿದ್ದರೆ ಹೇಗೆ ಎಂದು ಅಣ್ಣನ ತಲೆಗೆ ಸುತ್ತಿದ್ದ ಟವೆಲ್ಲನ್ನು ಅವರೇ ಬಿಚ್ಚಿ, ಪೇಟ ಇಟ್ಟು, ಹಾರ ಹಾಕಿ, ಶಾಲು ಹೊದಿಸಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಅಣ್ಣ ಶಾಲು ತೆಗೆಯಲು ಹೋದ. ಇರಲಿ ಯಜಮಾನರೇ, ಹಾಗೇ ಹುಲ್ಲು ಹಾಕಿ, ಫೋಟೋ ಚೆನ್ನಾಗಿ ಬರುತ್ತದೆ ಎಂದು ಮುಖಂಡರು ತಡೆದರು. ನಮ್ಮಪ್ಪ ಪ್ರೆಸ್ಸಿನ ಹತ್ತಿರ ಬರುವವರಿಗೆ ಪಂಚೆಯನ್ನೂ ಎತ್ತಿ ಕಟ್ಟಿಸುತ್ತಿದ್ದ. ಅದು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಸನ್ಮಾನದ ಶಾಲನ್ನು ಸನ್ಮಾನ ಮಾಡಿದವರ ಎದುರಿಗೇ ತೆಗೆ ಎನ್ನುವುದು ಹೇಗೆ ಎಂದು ಬಾಯಿ ಮುಚ್ಚಿಕೊಂಡೆ. ಅಣ್ಣ ಹಾರವನ್ನು ಮಾತ್ರ ತೆಗೆದು ಕೊಟ್ಟು, ಶಾಲು ಹೊದ್ದುಕೊಂಡೇ ಪ್ರೆಸ್ಸಿನ ಪಕ್ಕ ನಿಂತ.

ನಾನು ಇಂಜಿನ್ನಿನ ಹತ್ತಿರವಿದ್ದೆ. ಮೊದಲ ಕಟ್ಟು ಚೆನ್ನಾಗಿ ಬಂತು. ಎರಡನೆಯದಕ್ಕೆ ಅಣ್ಣ ಬಗ್ಗಿ ಹುಲ್ಲು ತಳ್ಳುತ್ತಿದ್ದಾಗ ಶಾಲಿನ ಅಂಚು ಹಲ್ಲುಚಕ್ರಕ್ಕೆ ಸಿಕ್ಕಿತು. ಜರಿ ಒಮ್ಮೆ ಹೊಳೆದದ್ದು ಕಂಡಿತು. ಶಾಲು ಬಿಗಿಯಾಯಿತು.

ಡೀಸೆಲ್ ನಿಲ್ಲಿಸಿದೆ. ಅಂಥ ಇಂಜಿನ್ನು ಕೂಡಲೇ ನಿಲ್ಲುವುದಿಲ್ಲ, ಗಾಲಿಗಳ ಭಾರಕ್ಕೆ ಇನ್ನೂ ಅರ್ಧ ನಿಮಿಷ ತಿರುಗುತ್ತದೆ. ಅದಕ್ಕೆಂದೇ ಬೆಲ್ಟನ್ನು ಹೊಡೆದು ಬೀಳಿಸಲು ಒಂದು ಬಿದಿರ ಗಳುವನ್ನು ನಾನೇ ಪಕ್ಕಕ್ಕೆ ಒರಗಿಸಿಟ್ಟಿದ್ದೆ. ಬೆಲ್ಟು ಬಿದ್ದರೆ ಪ್ರೆಸ್ಸು ತಾನೇ ನಿಲ್ಲುತ್ತದೆ. ಗಳು ನನ್ನ ಕಾಲಿಗೆ ತಾಗುತ್ತಿತ್ತು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಹಾರೆ. ಅಣ್ಣ ಒಳಗೆ ಹೋಗುತ್ತಿದ್ದಾನೆ ಎನ್ನುವುದೊಂದೇ ತಲೆಯಲ್ಲಿತ್ತು. ಹಾರೆಯನ್ನೆತ್ತಿಕೊಂಡು ಓಡಿ ಹಲ್ಲುಚಕ್ರದ ಬಾಯಿಗೆ ತುರುಕಿದೆ.

ಎರಕ ಮುರಿದ ಸದ್ದು ಗಂಟೆ ಬಾರಿಸಿದಂತೆಯೇ ಇರುತ್ತದೆ. ಚಕ್ರದ ಎರಡು ಅರ ಹಾರಿ, ಊಟದ ತಟ್ಟೆಯಷ್ಟು ಅಗಲದ ತುಂಡು ಹುಲ್ಲಿನ ಮೇಲೆ ಬಿತ್ತು. ಎಲ್ಲವೂ ನಿಂತಿತು. ಮಕ್ಕಳು ಅಳತೊಡಗಿದವು. ಅಣ್ಣ ಪೇಟ ತೊಟ್ಟುಕೊಂಡು, ಎರಡು ಮಾರು ದೂರದಲ್ಲಿ, ಮೈಗೆ ಒಂದು ಗೀರೂ ಇಲ್ಲದೆ ನಿಂತಿದ್ದ. ನಾನು ಅವನ ತೋಳು, ಕೈ, ಬೆರಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ ಅತ್ತೆ.

ಐದು ನಿಮಿಷದ ಮೇಲೆ ಫ್ಲ್ಯಾಟಿನ ಒಬ್ಬ ಹೆಂಗಸು ಬಂದು, "ಅಂಕಲ್, ನಿಮ್ ಬ್ರದರ್ ಎಷ್ಟು ಫಾಸ್ಟ್ ಆಗಿ ಎಸ್ಕೇಪ್ ಆದ್ರು ನೋಡಿ" ಎಂದು ಫೋನು ಹಿಡಿದರು. ನೋಡಿದೆ. ಶಾಲು ಬಿಗಿಯಾದ ಕ್ಷಣವೇ ಅಣ್ಣ ಭುಜ ಕೊಡವಿ, ಅದನ್ನು ಚಕ್ರಕ್ಕೇ ಬಿಟ್ಟುಕೊಟ್ಟು ಹಿಂದಕ್ಕೆ ಹೆಜ್ಜೆಯಿಟ್ಟಿದ್ದಾನೆ. ಬರಿಯ ಬಟ್ಟೆ ಒಳಗೆ ಹೋಗುತ್ತಿದೆ. ಅಣ್ಣ ನನ್ನ ಕಡೆ ನೋಡಿ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಾನೆ. ಆಮೇಲೆ, ಅಷ್ಟೆಲ್ಲ ಆದ ಮೇಲೆ, ಒಬ್ಬ ಮುದುಕ ಹಾರೆ ಹಿಡಿದು ಓಡಿಬರುತ್ತಾನೆ. ಆ ಮುದುಕ ನಾನು. ಎದುರಿಗೆ ಕೈಯಾಡಿಸುತ್ತಿದ್ದ ಅಣ್ಣನನ್ನು ನಾನು ಕಾಣಲೇ ಇಲ್ಲ. ಶಾಲು ಚಿಂದಿಯಾಗುತ್ತಿತ್ತು, ಅಷ್ಟೇ. ಪ್ರೆಸ್ಸಿಗೆ ಏನೂ ಆಗುತ್ತಿರಲಿಲ್ಲ. ಫೋನನ್ನು ವಾಪಸು ಕೊಟ್ಟೆ.

ತಿರುಗಿ ನೋಡಿದರೆ ಅಣ್ಣ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಹೊಸದಾಗಿ ಮುರಿದ ಎರಕ ಸಂಕ್ರಾಂತಿಯ ಸಕ್ಕರೆ ಅಚ್ಚು ಮುರಿದಂತೆ ಒಳಗೆ ಹೊಳೆಯುತ್ತದೆ. ಹಳೆಯ ಬಿರುಕಾದರೆ ಎಣ್ಣೆ, ತುಕ್ಕು ಹಿಡಿದು ಕಪ್ಪಾಗಿರುತ್ತದೆ. ಅಣ್ಣ ಡಬ್ಬಿಯಿಂದ ಹಳೇ ಗ್ರೀಸು ತೆಗೆದು, ನೆಲದ ಧೂಳು ಬೆರೆಸಿ, ಆ ಹೊಳೆಯುವ ಮುಖಕ್ಕೆ ಹೆಬ್ಬೆರಳಿನಿಂದ ಸಾವಕಾಶವಾಗಿ ತಿಕ್ಕುತ್ತಿದ್ದ. ನನ್ನನ್ನು ನೋಡಿದ. ಕೈ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಅವನ ದೊಡ್ಡ ಮಗ ಕೂಗಾಡುತ್ತ ಬಂದ. ಚಿಕ್ಕಪ್ಪ ಎಲ್ಲ ಹಾಳು ಮಾಡಿದರು ಎಂದು ಅವನು ಶುರು ಮಾಡುವಷ್ಟರಲ್ಲಿ ಅಣ್ಣ ಎದ್ದುನಿಂತು, ಟ್ರಸ್ಟಿನ ಮೇಡಂಗೆ ಕೇಳುವಂತೆ ಹೇಳಿದ. "ಅವನೇನ್ ಮಾಡ್ದ? ಹಳೇ ಬಿರುಕು ಅದು. ಇವತ್ತಲ್ಲ ನಾಳೆ ಹೋಗೋದೇ."

ಮೇಡಂ ತುಂಡನ್ನು ಎತ್ತಿಕೊಂಡು ನೋಡಿದರು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಒಳ್ಳೆಯ ಎರಕ ಇವತ್ತು ಏಟಿಗೆ ಮುರಿದದ್ದಾದರೆ ಹಾಗೆಯೇ ಒಯ್ಯುತ್ತಾರಂತೆ, ಬೆಸೆಯುವವರು ಗೊತ್ತಿದ್ದಾರೆ, ಸಂಕ್ರಾಂತಿ ಬರುವುದರೊಳಗೆ ಮತ್ತೆ ಓಡುತ್ತದೆ. ಹಳೆಯ ಬಿರುಕಾದರೆ ಇನ್ನೂ ಎಲ್ಲೆಲ್ಲಿ ಬಿರುಕಿದೆಯೋ, ಮಕ್ಕಳು ಬರುವ ಜಾಗದಲ್ಲಿ ಅದನ್ನು ಓಡಿಸುವ ಧೈರ್ಯ ತಮಗಿಲ್ಲ. ಇಷ್ಟು ಹೇಳಿ ನನ್ನ ಕಡೆ ತಿರುಗಿದರು. "ಸರ್, ನೀವು ಇನ್‌ಸ್ಪೆಕ್ಷನ್‌ನಲ್ಲಿ ಇದ್ದೋರು. ನೀವೇ ಹೇಳ್ಬಿಡಿ. ಹಳೇದಾ, ಹೊಸದಾ?"

ಒಂದು ಮಾತು ಸಾಕಿತ್ತು. ಒಂದು ಬಟ್ಟೆಯಲ್ಲಿ ಸೀಮೆಎಣ್ಣೆ ತಗೊಂಡು ಒರೆಸಿದ್ದರೆ ಮಾತೂ ಬೇಕಿರಲಿಲ್ಲ. ಅಣ್ಣ ನನ್ನನ್ನೇ ನೋಡುತ್ತಿದ್ದ. ಸುತ್ತ ಮಕ್ಕಳು, ನೆಂಟರು, ಅತ್ತಿಗೆ, ಕೈಯಲ್ಲಿ ಫೋನು ಹಿಡಿದವರು. ಹೊಸದು ಎಂದರೆ, ಇದನ್ನು ಮುರಿದವನು ನಾನು, ಸುಮ್ಮಸುಮ್ಮನೆ ಮುರಿದೆ ಎಂದಂತೆ.

"ಹಳೇದೇ ಇರ್ಬೇಕು" ಎಂದೆ.

ಅಣ್ಣನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರನನ್ನಾಗಿ ಮಾಡಬಾರದೆಂದು ಹಾಗೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜವಲ್ಲ. ನನಗೆ ನಾಚಿಕೆಯಾಗಿತ್ತು, ಹೆದರಿಕೆಯಾಗಿತ್ತು, ತಪ್ಪಿಸಿಕೊಳ್ಳಲು ಅಣ್ಣ ಒಂದು ಬಾಗಿಲು ತೆರೆದಿಟ್ಟಿದ್ದ, ನುಸುಳಿಕೊಂಡೆ. ಕಾರ್ಖಾನೆಯಲ್ಲಿ ಒಂದೂ ಸುಳ್ಳು ಸಹಿ ಹಾಕದವನು ಮನೆಯ ಕಣದಲ್ಲಿ ಹಾಕಿದೆ. ಮೇಡಂ ತುಂಬಾ ಬೇಜಾರಿನಿಂದ ಅಣ್ಣನಿಗೆ ಕೈಮುಗಿದು ಹೊರಟುಹೋದರು.

ಬುಧವಾರ ಗುಜರಿಯವರು ಗ್ಯಾಸ್ ಕಟರ್ ತಂದರು. ಅವರಿಗೂ ಮನಸ್ಸಿರಲಿಲ್ಲ, ಆದರೂ ಕೆಲಸ ಕೆಲಸವೇ. ನಾನೂ ಅಣ್ಣನೂ ಬೇಲಿಯ ಚಪ್ಪಡಿಯ ಮೇಲೆ ಕೂತಿದ್ದೆವು. ಪೆಟ್ಟಿಗೆಯನ್ನು ಮೂರು ಭಾಗ ಮಾಡಿ ಲಾರಿಗೆ ಎತ್ತಿದರು. ಆಮೇಲೆ ಅಣ್ಣ ನನ್ನ ಮುಖ ನೋಡದೆ ಕೇಳಿದ.

"ಟಾರ್ಚು ಹಿಡ್ದಿದ್ದು ನಾನೇ ಅಲ್ವೇನೋ? ಒಂದು ಗೆರೆನೂ ಇರ್ಲಿಲ್ಲ."

ಹೌದು ಎಂದೆ.

"ನಿನ್ನ ಎಲ್ರ ಮುಂದೆ ಬೈತಾರೆ ಅಂತ ನಾನೊಂದು ಮಾತು ಅಂದ್ಬಿಟ್ಟೆ. ನೀನು ಇಲ್ಲ ಅಂತೀಯ ಅಂತ ಕಾಯ್ತಾ ಇದ್ದೆ ಕಣೋ."

ಅವನು ಎದ್ದು, ಬಿಸಿಲಲ್ಲಿ ಕೆಲಸ ಮಾಡುತ್ತಿದ್ದವರಿಗೆ ಕುಡಿಯುವ ನೀರು ತರಲು ಮನೆ ಕಡೆ ಹೋದ. ಈಗಲೂ ವಾರಕ್ಕೊಮ್ಮೆ ವಿಮಾನಪುರದ ನನ್ನ ಮನೆಯಿಂದ ಅವನ ಮನೆಗೆ ಹೋಗುತ್ತೇನೆ. ಗೇಟಿನ ಹತ್ತಿರ ಇನ್ನೊಂದು ಕುರ್ಚಿ ಹಾಕಿಸುತ್ತಾನೆ, ಕಾಫಿ ಕೊಡಿಸುತ್ತಾನೆ, ನನ್ನ ಮಂಡಿ ನೋವು ಹೇಗಿದೆ ಎಂದು ವಿಚಾರಿಸುತ್ತಾನೆ. ಆ ಮಾತನ್ನು ಅವನು ಮತ್ತೆ ಎತ್ತಿಲ್ಲ. ಎತ್ತಿ ಒಂದು ಸಲ ಬೈದಿದ್ದರೆ ನಾನು ಉಸಿರಾಡುತ್ತಿದ್ದೆ.