ಕರೆಂಟ್ ಬಂದರೆ ಕೂಗಬೇಕಾದ ಡಬ್ಬಿ

ಕುಂಬಾರವಾಡದ ಬಸ್ಸು ಜೋಯಿಡಾ ದಾಟಿತ್ತಷ್ಟೇ, ನನ್ನ ಬ್ಯಾಗು ಕಿರುಚತೊಡಗಿತು.

ಒಳಗಿದ್ದ ಪ್ಲಾಸ್ಟಿಕ್ ಡಬ್ಬಿಯ ಬಝರ್ ಉಸಿರು ಬಿಡದೆ ಕೂಗುತ್ತಿತ್ತು. ಇಡೀ ಬಸ್ಸು ನನ್ನತ್ತ ತಿರುಗಿತು.

“ಏನ್ರೀ ಅಕ್ಕಾರ ಅದು? ಮೊದ್ಲ ಅದರ ಬಾಯಿ ಮುಚ್ಚಸ್ರಿ,” ಎಂದರು ಕಂಡಕ್ಟರ್.

“ಕರೆಂಟ್ ಹೋದ್ರ ಹೊಡಕೊಳ್ಳೋ ಅಲಾರಂ ರೀ.”

“ಬಸ್ಸಿನ್ಯಾಗ ಕರೆಂಟ್ ಎಲ್ಲಿಂದ ಬರಬೇಕ್ರಿ?”

ಸರಿಯಾದ ಪ್ರಶ್ನೆಯೇ. ನಾನು ಸಡಿಲವಾಗಿ ಬಿಟ್ಟಿದ್ದ ಬ್ಯಾಟರಿ ಕ್ಲಿಪ್ಪು, ಬಸ್ಸು ಗುಂಡಿಯಲ್ಲಿ ಎಗರಿದಾಗ ಸರಿಯಾಗಿ ಕೂತುಬಿಟ್ಟಿತ್ತು. ಕರೆಂಟ್ ಇಲ್ಲ ಎಂದು ಡಬ್ಬಿ ಪ್ರಾಮಾಣಿಕವಾಗಿ ಸಾರುತ್ತಿತ್ತು. ಬ್ಯಾಟರಿ ಕಿತ್ತು ತಲೆ ತಗ್ಗಿಸಿ ಕೂತೆ.

ಆರು ತಿಂಗಳಿಂದ ನನಗಿದೊಂದು ಹುಚ್ಚು. ಆನ್‌ಲೈನ್ ಎಲೆಕ್ಟ್ರಾನಿಕ್ಸ್ ಮ್ಯಾಗಝೀನ್ ಓದುವುದು, ಅದರಲ್ಲಿರುವ ಸರ್ಕ್ಯೂಟ್‌ಗಳನ್ನು ಮನೆಯಲ್ಲೇ ಜೋಡಿಸುವುದು. ದಾಂಡೇಲಿಯ ಬಂಗೂರನಗರದ ನಮ್ಮ ಅಡುಗೆಕಟ್ಟೆಯ ಮೇಲೆ ಕುಕ್ಕರಿನ ಪಕ್ಕದಲ್ಲೇ ಸೋಲ್ಡರಿಂಗ್ ಐರನ್ ಇರುತ್ತದೆ. (ಏನೋ ಸೀದು ಹೋಯಿತೆಂದು ನಮ್ಮವರು ಎರಡು ಸಲ ಓಡಿ ಬಂದರು. ಈಗ ನಿಜವಾಗಿ ಸೀದರೂ ಬರುವುದಿಲ್ಲ.)

ಈ ಹುಚ್ಚಿನಿಂದ ಯಾರಿಗಾದರೂ ಉಪಯೋಗ ಉಂಟೇ? ಉಂಟು ಎಂದು ತೋರಿಸುವ ಅವಕಾಶ ಅಕ್ಕನಿಂದ ಬಂತು.

ಅಕ್ಕ ಕುಂಬಾರವಾಡದಲ್ಲಿ ಮನೆಯ ಮುಂದಿನ ಖೋಲಿಯಲ್ಲೊಂದು ಪುಟ್ಟ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಜನ ಅಕ್ಕಿ ಚೀಲ ಇಟ್ಟು ಹೋಗುತ್ತಾರೆ. ಮಳೆಗಾಲದ ಕರೆಂಟು ಯಾವಾಗಲೋ ಬರುತ್ತದೆ, ಬಂದ ಹಾಗೇ ಹೋಗುತ್ತದೆ. ಹಿತ್ತಲಾಚೆಯ ಗದ್ದೆಯಲ್ಲಿರುವ ಅಕ್ಕನಿಗೆ ಗೊತ್ತಾಗುವುದೇ ಇಲ್ಲ. ಸಂಜೆ ಬಂದು ನೋಡಿದರೆ ಅಕ್ಕಿ ಅಕ್ಕಿಯಾಗಿಯೇ ಇರುತ್ತದೆ. ಮೊದಲು ಹಳೆಯ ರೇಡಿಯೊ ಆನ್ ಮಾಡಿಯೇ ಇಡುತ್ತಿದ್ದಳು. ಅದು ಮಾತಾಡಿದರೆ ಓಡಿ ಬರುತ್ತಿದ್ದಳು. ರೇಡಿಯೊ ಕೆಟ್ಟ ಮೇಲೆ ನಾಲ್ಕು ಮನೆಯವರು ಜೋಯಿಡಾದ ಗಿರಣಿಗೆ ಹೊರಟರು. ಇನ್ನು ನಾಲ್ಕು ಮನೆ ಹೋದರೆ ಗಿರಣಿ ಮುಚ್ಚಬೇಕಾಗುತ್ತದೆ.

“ಕರೆಂಟಿನ ಸುದ್ದಿ ಗದ್ದಿತನಕ ಮುಟ್ಟಬೇಕು ನೋಡು. ಅಂಥಾದ್ದೇನರ ಮಾಡಿಕೊಡು,” ಎಂದು ಫೋನಿನಲ್ಲಿ ಹೇಳಿದಳು.

ಮ್ಯಾಗಝೀನ್ ತೆರೆದೆ. ಕರೆಂಟ್ ಹೋದೊಡನೆ ಕೂಗುವ ಅಲಾರಂ ಸಿಕ್ಕಿತು. ಕೆಳಗೆ ಓದುಗರ ಭೇಷ್ ಭೇಷ್. ಸರಿ, ಮಾಡಿಯೇಬಿಟ್ಟೆ.

ಬಸ್ಸಿಳಿದು ಅಕ್ಕನ ಮನೆ ಮುಟ್ಟಿದಾಗ ಕರೆಂಟ್ ಇರಲಿಲ್ಲ. ಬ್ಯಾಟರಿ ಸಿಕ್ಕಿಸಿದೆ. ಡಬ್ಬಿ ಕೂಗಿತು. ನಾನು ಬೀಗಿದೆ.

ಅಕ್ಕ ಕಿವಿ ಮುಚ್ಚಿಕೊಂಡಳು. “ಕರೆಂಟ್ ಇಲ್ಲಂತ ನನಗ ಗೊತ್ತೈತಲ್ಲ! ಅದನ್ಯಾಕ ದಿನಾ ಕೇಳ್ಲಿ? ಬಂದ್ರ ಹೇಳಬೇಕು.”

ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಕರೆಂಟ್ ಹೋಗುವುದು ಸುದ್ದಿ. ಅವಳ ಮನೆಯ ಸುದ್ದಿ ಬೇರೆ ಎಂದು ಹೊಳೆಯಲೇ ಇಲ್ಲವಲ್ಲ!

ಪುಣ್ಯಕ್ಕೆ ತಪ್ಪು ಒಂದೇ ವಾಯರಿನದು. ಕರೆಂಟ್ ಬಂದಾಗೊಮ್ಮೆ ಹೋದಾಗೊಮ್ಮೆ ತಾನೇ ಬದಲಾಗುವ ಸ್ವಿಚ್ಚು, ರಿಲೇ, ಡಬ್ಬಿಯೊಳಗಿದೆ; ಅದರ ಒಂದು ಕಾಲಿನಿಂದ ಆ ವಾಯರು ಬಿಡಿಸಿ ಪಕ್ಕದ ಕಾಲಿಗೆ ಬೆಸೆದರೆ ಎಲ್ಲ ತಿರುಗಾಮುರುಗಾ. ಬ್ಯಾಗಿನಿಂದ ಸೋಲ್ಡರಿಂಗ್ ಐರನ್ ತೆಗೆದೆ. ಪಿನ್ ಹಿಡಿದು ನಿಂತೆ.

ಅದಕ್ಕೂ ಕರೆಂಟ್ ಬೇಕು.

“ಅದಕ್ಕ ಬೇಕಾಗಿದ್ದು ಕಾವೋ, ಕರೆಂಟೋ?” ಎಂದಳು ಅಕ್ಕ. ನನ್ನ ಉತ್ತರಕ್ಕೂ ಕಾಯದೆ ಹಳೆಯ ಸ್ಕ್ರೂಡ್ರೈವರ್ ಒಂದನ್ನು ಒಲೆಯ ಕೆಂಡದಲ್ಲಿಟ್ಟಳು. ಕಾದ ತುದಿಗೆ ಸೀಸ ಕರಗಿತು. ಬೆಸುಗೆ ನೋಡಲು ಚೆನ್ನಾಗಿರಲಿಲ್ಲ, ಗಟ್ಟಿಯಾಗಿತ್ತು. ಇದು ಯಾವ ಮ್ಯಾಗಝೀನಿನಲ್ಲೂ ಇರಲಿಲ್ಲ.

ಡಬ್ಬಿಯನ್ನು ಹಿತ್ತಲ ಬಾಗಿಲಿಗೆ ತೂಗುಹಾಕಿ, ಅದರ ಅಡಾಪ್ಟರನ್ನು ಪ್ಲಗ್ಗಿಗೆ ಸಿಕ್ಕಿಸಿದೆವು. ಊಟ ಮಾಡಿ ಅಕ್ಕ ಗದ್ದೆಗೆ ಹೋದಳು. ನಾನು ಹೊಸ್ತಿಲ ಮೇಲೆ ಕೂತೆ. ಪರೀಕ್ಷೆಯ ರಿಸಲ್ಟಿಗೂ ನಾನು ಅಷ್ಟು ಕಾದವಳಲ್ಲ.

ಮೂರೂವರೆಗೆ ಡಬ್ಬಿ ಕೂಗಿತು. ಅಕ್ಕ ಕೆಸರುಗಾಲಲ್ಲೇ ಓಡಿ ಬಂದು, ಕೈ ತೊಳೆದು ಗಿರಣಿ ಶುರುಮಾಡಿದಳು. ಕರೆಂಟ್ ಇದ್ದದ್ದು ಒಂದು ತಾಸು. ಇಟ್ಟಿದ್ದ ಐದು ಚೀಲವೂ ಹಿಟ್ಟಾದವು. ನನಗೆ ಕಣ್ಣು ತುಂಬಿ ಬಂತು. (ಹಿಟ್ಟು ಬಿದ್ದಿತೆಂದು ಅಕ್ಕನಿಗೆ ಹೇಳಿದೆ.)

ದಾಂಡೇಲಿಗೆ ಬಂದು ಮ್ಯಾಗಝೀನಿನ ಕಮೆಂಟಿನಲ್ಲಿ ಈ ಬದಲಾವಣೆಯನ್ನು ಬರೆದೆ. ಮರುದಿನವೇ ಒಬ್ಬರ ಪ್ರಶ್ನೆ: “ಕರೆಂಟ್ ಬಂದದ್ದನ್ನು ತಿಳಿಯಲು ಯಾರಾದರೂ ಅಲಾರಂ ಇಡುತ್ತಾರೆಯೇ?”

ಹೇಳಿ, ಕರೆಂಟ್ ಹೋದರಷ್ಟೇ ಬೆಚ್ಚುವ ಮನೆಗೆ ನಾನು ಏನೆಂದು ಉತ್ತರ ಬರೆಯಲಿ?