ಒಡಪು ಕೇಳಿಸುವ ಡಬ್ಬಿ

ಹನ್ನೂರಿನ ಶಾಂತಲಿಂಗಪ್ಪನವರಿಗೆ ಹೊಲವಿದೆ, ಬಾವಿಯಲ್ಲಿ ನೀರಿದೆ, ಬಾಯಿಯಲ್ಲಿ ಮಾತಿದೆ. ಇವುಗಳಲ್ಲಿ ಬೇಸಿಗೆಗೂ ಬತ್ತದಿರುವುದು ಕೊನೆಯದೊಂದೇ. ಅಕ್ಕಲಕೋಟದಲ್ಲಿ ಬಸ್ಸು ಹತ್ತಿದರೆ ಸೊಲ್ಲಾಪುರ ಬರುವುದರೊಳಗೆ ಪಕ್ಕದವನ ವಂಶವನ್ನೆಲ್ಲ ವಿಚಾರಿಸಿ, ತಮ್ಮದನ್ನೂ ಹೇಳಿ ಮುಗಿಸಿರುತ್ತಾರೆ.

ಇಂಥ ಮನುಷ್ಯನಿಗೂ ಒಂದು ಕೊರಗು. ಹೆಂಡತಿ ಸೋನಾಬಾಯಿಯ ಬಾಯಲ್ಲಿ ತಮ್ಮ ಹೆಸರನ್ನು ಒಮ್ಮೆಯೂ ಕೇಳಿಲ್ಲ. ಆ ಕಡೆ ಗಂಡನ ಹೆಸರನ್ನು ಹೆಂಡತಿ ಬರಿದೇ ಹೇಳುವುದಿಲ್ಲ. ಒಡಪು ಕಟ್ಟಿ, ಪದ್ಯದೊಳಗೆ ಸೇರಿಸಿ ಹೇಳುತ್ತಾಳೆ. ಮದುವೆಯ ದಿನ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಒಡಪು ಹೇಳಿಸಿಯೇ ಒಳಗೆ ಬಿಡುವುದು. ತೊಂಬತ್ತನಾಲ್ಕರಲ್ಲಿ ಸಲಗರದಿಂದ ಬಂದ ಸೋನಾಬಾಯಿ ಅದನ್ನು ಹೇಳಿದರೋ ಇಲ್ಲವೋ ಎಂಬುದೇ ಜಗಳ.

"ಹಲಗಿ ಬಡೀತಿದ್ರು. ಈಕಿ ಬರೇ ತುಟಿ ಅಳ್ಳಾಡಿಸಿ ಒಳಗ ಬಂದಾಳ," ಎಂದು ಊರಿಗೆ ಹೊಸ ಸೊಸೆ ಬಂದಾಗಲೆಲ್ಲ ಶಾಂತಲಿಂಗಪ್ಪ ಸಾರುತ್ತಾರೆ.

"ನಾ ಹೇಳೀನಿ. ಕೇಳಿಸ್ಕೊಳ್ಳಲಿಲ್ಲಂದ್ರ ನಂದೇನು ತಪ್ಪು? ಇನ್ನೊಮ್ಮೆ ಹೇಳಾಕಿ ಅಲ್ಲ," ಎನ್ನುತ್ತಾರೆ ಸೋನಾಬಾಯಿ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಎಷ್ಟು ಗೋಗರೆದರೂ ಮೂವತ್ತು ವರ್ಷ ಹಟ ಬಿಟ್ಟಿಲ್ಲ.

ಮದುವೆಯ ವಿಡಿಯೋ ಕ್ಯಾಸೆಟ್ ಟ್ರಂಕಿನ ತಳದಲ್ಲಿ ಸಿಕ್ಕಿತು. ಅಣ್ಣನ ಮಗ ಕೈಲಾಸ ಅದನ್ನು ಮೊಬೈಲಿಗೆ ಇಳಿಸಿಕೊಟ್ಟ. ಹೊಸ್ತಿಲ ಹತ್ತಿರದ ದೃಶ್ಯ ಬಂದಾಗ ಹಲಗೆ ವಾದ್ಯದ ಸದ್ದಿನ ಜೊತೆ ಏನೋ ಗುಜುಗುಜು, ಅಷ್ಟೇ. ಹಾಡು ಕೇಳುವ ಹುಚ್ಚಿನ ಕೈಲಾಸ ಹೊಸ ಹೆಡ್‌ಫೋನ್ ಕೊಂಡಿದ್ದ; ಹಳೆಯ ಭಾರಿ ಹೆಡ್‌ಫೋನನ್ನು ಕಾಕಾನಿಗೆ ಕೊಟ್ಟ. ಅದನ್ನು ಮೊಬೈಲಿಗೆ ಚುಚ್ಚಿದರೆ ಬಾವಿಯ ತಳದಿಂದ ಯಾರೋ ಮಾತಾಡಿದ ಹಾಗೆ ಕೇಳಿತು.

"ಇದಕ್ಕ ಡ್ಯಾಕ್ ಬೇಕು, ಆಂಪ್ ಬೇಕ್ರಿ ಕಾಕಾ," ಎಂದ ಕೈಲಾಸ. "ಮೊಬೈಲ್‌ನ್ಯಾಗ ಇರೂದು ಬರೇ ಅಂಕಿ. ಅದನ್ನ ಧ್ವನಿ ಮಾಡೂದು ಡ್ಯಾಕ್. ಆ ಧ್ವನಿಗೆ ಜೋರು ಕೊಡೂದು ಆಂಪ್."

ಶಾಂತಲಿಂಗಪ್ಪನವರಿಗೆ ಥಟ್ಟನೆ ಅರ್ಥವಾಯಿತು. ಮೋಟರ್ ಸಣ್ಣದಾದರೆ ಕೊನೆಯ ಸಾಲಿಗೆ ನೀರು ಮುಟ್ಟುವುದಿಲ್ಲ, ಇದೂ ಹಾಗೆಯೇ. ಮರುದಿನವೇ ಹೆಡ್‌ಫೋನನ್ನು ಟವೆಲಿನಲ್ಲಿ ಸುತ್ತಿಕೊಂಡು ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಇಂಥ ಸಾಮಾನು ಮಾರುವ ನಿಖಿಲನ ಅಂಗಡಿಗೆ ಹೋದರು.

ನಿಖಿಲ ಮೂರು ಡಬ್ಬಿ ಇಟ್ಟ. ಮೊದಲನೆಯದರ ಮೇಲೆ ಬಲ್ಬಿನಂಥ ಗಾಜಿನ ವಾಲ್ವು, ಹಚ್ಚಿದರೆ ಕೆಂಪಗೆ ಹೊಳೆಯುತ್ತದೆ. ಎರಡನೆಯದರ ಸದ್ದು ಎದೆಗೇ ಬಡಿಯುತ್ತದೆ. ಮೂರನೆಯದು ಕರಿ ಡಬ್ಬಿ. ಡ್ಯಾಕ್, ಆಂಪ್ ಎರಡೂ ಒಂದರಲ್ಲೇ, ನೋಡಲು ಮಾತ್ರ ಇಟ್ಟಿಗೆಯಂತೆ. ಶಾಂತಲಿಂಗಪ್ಪ ಮೊಬೈಲು ಜೋಡಿಸಿ ಮದುವೆಯ ವಿಡಿಯೋ ಹಚ್ಚಿದರು.

"ಎಲ್ಲಾರೂ ಛಲೋ ಹಾಡು ಹಚ್ಚಿ ನೋಡತಾರ. ನೀವ್ಯಾಕ ಕಾಕಾ ಈ ಹಲಗಿ ಹಚ್ಚೀರಿ?"

ಕೇಳಬಾರದಿತ್ತು. ಶಾಂತಲಿಂಗಪ್ಪ ಹೆಡ್‌ಫೋನ್ ಹಾಕಿಕೊಂಡೇ ಮದುವೆಯ ಕಥೆ ಶುರುಮಾಡಿದರು. ಮೊದಲ ಡಬ್ಬಿ ಮುಗಿಯಿತು, ಎರಡನೆಯದೂ ಮುಗಿಯಿತು, ಕಥೆ ಮಾತ್ರ ಇನ್ನೂ ಮೆರವಣಿಗೆಯಲ್ಲೇ ಇತ್ತು. ಮೊದಲನೆಯದರಲ್ಲಿ ಹಲಗೆ, ಹೆಂಗಸರ ನಗು, ಗುಜುಗುಜು ಎಲ್ಲವೂ ಬೆಲ್ಲ ತುಪ್ಪ ಕಲಸಿದಷ್ಟು ಹಿತವಾಗಿತ್ತು, ಆದರೆ ಒಂದೂ ಬಿಡಿಯಾಗಿ ಸಿಗಲಿಲ್ಲ. ಎರಡನೆಯದರಲ್ಲಿ ಹಲಗೆಯೊಂದೇ ಕೇಳಿಸಿತು.

"ಕಾಕಾ, ಥೋಡಾ ಥಾಂಬಾ, ಸ್ವಲ್ಪ ತಡೀರಿ," ನಿಖಿಲ ಕೈ ಮುಗಿದ. "ಒಂದು ನಿಮಿಷ ಸುಮ್ಮ ಕೂತು ಕೇಳ್ರಿ."

ಮೂರನೆಯ ಡಬ್ಬಿ. ಹಲಗೆ ಒಂದು ಬದಿಗೆ ಸರಿಯಿತು, ನಗು ಇನ್ನೊಂದು ಬದಿಗೆ. ನಡುವಿನಿಂದ ಹತ್ತೊಂಬತ್ತು ವರ್ಷದ ಸೋನಾಬಾಯಿಯ ದನಿ, ನಡುಗದೆ, ತಡವರಿಸದೆ ಬಂತು: "ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ, ಶಾಂತಲಿಂಗಪ್ಪನವರ ಹೆಸರ ಹೇಳತೀನಿ, ಬಾಗಲಾ ಬಿಡ್ರಿ ಒಳಗ ಹೋಗಾಕ."

ಅದೇ ಹೊತ್ತಿಗೆ, ಕ್ಯಾಮೆರಾಕ್ಕೆ ಅಂಟಿಕೊಂಡಂತೆ ಇನ್ನೊಂದು ದನಿ: "ಏ ಅಮೋಗಸಿದ್ಧ, ಜೀಪಿನ ಡ್ರೈವರಗ ಊಟಾ ಆತೇನೋ? ಭಜಿ ಉಳದಾವೋ ಇಲ್ಲೋ?"

ಮತ್ತೆ ಹಚ್ಚಿ ಕೇಳಿದರು, ಮತ್ತೊಮ್ಮೆ ಕೇಳಿದರು. ಭಜಿಯ ವಿಚಾರಣೆ ಮಾಡುತ್ತಿದ್ದ ಆ ಮದುಮಗ ತಾವೇ. ಹಲಗೆಯದು ಏನೂ ತಪ್ಪಿರಲಿಲ್ಲ. ಮೂವತ್ತು ವರ್ಷ ಊರೆಲ್ಲ ಹೆಂಡತಿಯ ಮೇಲೆ ದೂರು ಹೇಳಿಕೊಂಡು ತಿರುಗಿದ್ದು ನೆನಪಾಗಿ ಕಿವಿ ಬಿಸಿಯಾದವು.

ವಾಲ್ವಿನ ಡಬ್ಬಿಯ ಕಡೆ ಕಣ್ಣು ಹೋಯಿತು. ಅದನ್ನೇ ಒಯ್ದರೆ ಎಲ್ಲ ಕಲಸಿಕೊಂಡು ಸಿಹಿಯಾಗಿ ಕೇಳುತ್ತದೆ. ಭಜಿಯ ಸುದ್ದಿ ಯಾರಿಗೂ ತಿಳಿಯುವುದಿಲ್ಲ. ನೋಡಲೂ ಚಂದ. ಅದರ ಗುಂಡಿ ಹಿಡಿದು ಎರಡು ಸಲ ತಿರುಗಿಸಿಯೂ ನೋಡಿದರು.

"ಅದನ್ನ ಕಟ್ಟಲೇನ್ರಿ?"

"ಬ್ಯಾಡ. ಕರಿದ ಕೊಡಪಾ," ಎಂದರು. "ಅದು ಸುಳ್ಳ ಹೇಳೂದಿಲ್ಲ."

ಆ ದಿನ ಬಸ್ಸಿನಲ್ಲಿ ಪಕ್ಕದವನ ಊರು ಯಾವುದೆಂದೂ ಅವರು ಕೇಳಲಿಲ್ಲ.

ಮನೆಯಲ್ಲಿ ಸೋನಾಬಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಶಾಂತಲಿಂಗಪ್ಪ ಡಬ್ಬಿ ಜೋಡಿಸಿ, ಹೆಂಡತಿಯ ತಲೆಯ ಸೆರಗಿನ ಮೇಲೆಯೇ ಹೆಡ್‌ಫೋನ್ ಇಟ್ಟು, ವಿಡಿಯೋ ಹಚ್ಚಿದರು. ಸೋನಾಬಾಯಿ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ತಮ್ಮ ಹಳೆಯ ದನಿಗೆ ತಾವೇ ನಾಚಿದರು. ಭಜಿಯ ಮಾತು ಬಂದಾಗ ನಕ್ಕ ನಗುವಿಗೆ ಮೊರ ವಾಲಿ ಬೇಳೆ ನೆಲಕ್ಕೆಲ್ಲ ಚೆಲ್ಲಿತು.

"ತಪ್ಪು ನಂದ," ಎಂದರು ಶಾಂತಲಿಂಗಪ್ಪ, ಚೆಲ್ಲಿದ ಬೇಳೆ ಆರಿಸುತ್ತ. "ಊರಾಗ ಎಲ್ಲಾರ ಮುಂದ ಹೇಳತೀನಿ. ಖರೇ ಒಂದ ಸಲ, ನನ್ನ ಮುಂದ, ಇನ್ನೊಮ್ಮೆ ಹೇಳು."

ಸೋನಾಬಾಯಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಗಂಡನ ಮುಖವನ್ನೇ ನೋಡಿದರು.

"ಹೇಳತೀನಿ. ಈ ಸಲ ಆದ್ರೂ ಸುಮ್ಮ ಕೂಡತೀರೇನು?"

ಹೂಂ ಎನ್ನಲು ಬಾಯಿ ತೆರೆದ ಶಾಂತಲಿಂಗಪ್ಪ ಅದನ್ನು ಹಾಗೆಯೇ ಮುಚ್ಚಿಕೊಂಡು, ತಲೆಯಷ್ಟೇ ಆಡಿಸಿದರು.